ಸೂತಕವಿಲ್ಲ ಎಂದವರಿಗೆ ಹದ್ದು ಏಕೆ ಅಪಶಕುನ?

ನಾನು ಪಶುವೈದ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. 1990ರ ದಶಕದ ಕೊನೆಯಲ್ಲಿ ಕುಂಟುವ ಎತ್ತಿಗೆ, ಕೆಚ್ಚಲು ಬಾವಿನ ಆಕಳಿಗೆ ಡೈಕ್ಲೋಫೆನಾಕ್ ಚುಚ್ಚಿದ್ದಕ್ಕೆ ಲೆಕ್ಕವಿಲ್ಲ. ಅಗ್ಗದ ಔಷಧಿ, ಸಂಜೆಗೆಲ್ಲ ಎತ್ತು ಎದ್ದು ನಿಲ್ಲುತ್ತಿತ್ತು. ರೈತ ಕೈ ಮುಗಿಯುತ್ತಿದ್ದ. ಊರಾಚೆ ಎಳೆದು ಹಾಕಿದ ಸತ್ತ ದನವನ್ನು ನೋಡನೋಡುತ್ತಲೇ ಎಲುಬಿಗೆ ತರುತ್ತಿದ್ದ ರಣಹದ್ದುಗಳು ಯಾವಾಗ ಬಾರದಾದವೋ, ನಾನು ಗಮನಿಸಲೇ ಇಲ್ಲ.

ಕಾರಣ ಗೊತ್ತಾದದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತುಬಿದ್ದ ಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಈ ಔಷಧಿ ಪಡೆದು ಸತ್ತ ದನವನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆಂದು ತೋರಿಸಿಕೊಟ್ಟರು. ಅಷ್ಟರಲ್ಲಿ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚು ಅಳಿದಿದ್ದವು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು. ಆದರೆ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಅದು. ಅತ್ತ ಹೆಣಗಳು ಕೊಳೆತವು, ಬೀದಿನಾಯಿಗಳು ಹೆಚ್ಚಿದವು.

ಹುಲಿಗೆ, ಆನೆಗೆ ಮರುಗುವ ನಾವು ಹದ್ದಿಗೆ ಮರುಗಲಿಲ್ಲ. ಮನೆಯ ಮೇಲೆ ಹದ್ದು ಕೂತಿತೆಂದು ಮನೆ ಖಾಲಿ ಮಾಡಿ, ಶಾಂತಿ ಮಾಡಿಸಿದ ಲಿಂಗವಂತರನ್ನು ನಾನೇ ಕಂಡಿದ್ದೇನೆ. ಕೊರಳಲ್ಲಿ ಇಷ್ಟಲಿಂಗ, ಕೈಯಲ್ಲಿ ಪಂಚಾಂಗ! ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು, ಸಾವಿನ ಸೂತಕವನ್ನೂ ಸೇರಿಸಿ. ಚರ್ಮ ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯನವರನ್ನು ಸಮನಾಗಿ ಕಂಡರು. ಸತ್ತದ್ದನ್ನು ಮುಟ್ಟಿದರೆ ಮೈಲಿಗೆ ಎಂಬ ಭಾವನೆ ನಮ್ಮೊಳಗಿನಿಂದ ನಿಜವಾಗಿ ಹೋಗಿದ್ದರೆ, ಊರನ್ನು ರೋಗದಿಂದ ಕಾಯುವ ಹಕ್ಕಿ ಅಪಶಕುನ ಹೇಗಾಗುತ್ತಿತ್ತು?

ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಸಂತೋಷವೇ. ಆದರೆ ಹದ್ದು ಬೆಟ್ಟದಲ್ಲಿ ಮಲಗಿ ಊರ ಬಯಲಲ್ಲಿ ಉಣ್ಣುವ ಜೀವ. ಅದರ ಅನ್ನಕ್ಕೆ ವಿಷ ಬೀಳುವುದು ನಮ್ಮ ಕೊಟ್ಟಿಗೆಗಳಲ್ಲಿ.

ಆದ್ದರಿಂದ ಪೂಜ್ಯರಲ್ಲಿ, ಭಕ್ತರಲ್ಲಿ ನನ್ನದೊಂದು ಬಿನ್ನಹ. ಅನೇಕ ಮಠಗಳಲ್ಲಿ ಗೋಶಾಲೆಗಳಿವೆ. ಅಲ್ಲಿ ನೋವಿಗೆ ಯಾವ ಸೂಜಿ ಹಾಕುತ್ತಾರೆಂದು ಕೇಳಿ. ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ 2023ರಲ್ಲಿ ಜಾನುವಾರುಗಳಿಗೆ ನಿಷೇಧವಾಗಿವೆ. ಮೆಲಾಕ್ಸಿಕಾಮ್ ಹದ್ದಿಗೆ ಹಾನಿಯಿಲ್ಲದ್ದು, ಎತ್ತಿನ ನೋವಿಗೂ ಸಾಕು. ಗೋಶಾಲೆಗೆ ದಾನ ಕೊಡುವವರು ಹುಲ್ಲಿನ ಜೊತೆ ಇದರ ಒಂದು ಪೆಟ್ಟಿಗೆಯನ್ನೂ ಕೊಡಲಿ.

ಕಳೆದ ತಿಂಗಳು ಒಂದು ಗೋಶಾಲೆಯಲ್ಲಿ ಔಷಧಿ ಬೀರು ತೆಗೆಸಿ ನೋಡಿದೆ. ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ ಸೀಸೆಗಳು ಸಾಲಾಗಿದ್ದವು. ನೋಡಿಕೊಳ್ಳುವ ಹುಡುಗ ಹೇಳಿದ: "ಇದೇ ಚಲೋ ಕೆಲಸ ಮಾಡ್ತದ್ರಿ, ಸಾಹೇಬ್ರ. ಮೊದಲು ನೀವೂ ಇದನ್ನೇ ಹಾಕ್ತಿದ್ರಿ ಅಂತ ನಮ್ಮಪ್ಪ ಹೇಳ್ತಾನ."