ಕಚೇರಿ ಫೋನಿನಿಂದ 112 ನೇರ ಸಿಗಲಿ



ಈಚೆಗೆ ನಮ್ಮ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಎದೆನೋವಿನಿಂದ ಕುಸಿದರು. ಪಕ್ಕದವರು ಮೇಜಿನ ಫೋನಿನಲ್ಲಿ 108 ಒತ್ತಿದರೆ ರಿಂಗಾದದ್ದು ಕೆಳಮಹಡಿಯ ಸ್ಟೋರ್ ರೂಮಿನಲ್ಲಿ. ಹೊರಗಿನ ಕರೆಗೆ ಮೊದಲು ಸೊನ್ನೆ ಒತ್ತಬೇಕೆಂಬುದು ಆ ಗಾಬರಿಯಲ್ಲಿ ಯಾರಿಗೆ ನೆನಪಾದೀತು?

ಅಮೆರಿಕದ ಟೆಕ್ಸಾಸ್‌ನಲ್ಲಿ 2013ರಲ್ಲಿ ತಾಯಿಯ ಮೇಲೆ ಮಾರಣಾಂತಿಕ ಹಲ್ಲೆ ನಡೆದಾಗ, ಒಂಬತ್ತು ವರ್ಷದ ಮಗಳು ಹೋಟೆಲ್ ಕೋಣೆಯ ಫೋನಿನಿಂದ ಅಲ್ಲಿನ ತುರ್ತು ಸಂಖ್ಯೆ 911 ಅನ್ನು ಮತ್ತೆ ಮತ್ತೆ ಒತ್ತಿದಳು. ಮೊದಲು ಇನ್ನೊಂದು 9 ಒತ್ತಬೇಕೆಂದು ಮಗುವಿಗೆ ಗೊತ್ತಿರಲಿಲ್ಲ. ಆ ತಾಯಿಯ ಹೆಸರಿನ ‘ಕರೀಸ್ ಲಾ’ 2020ರಿಂದ ಅಲ್ಲಿನ ಹೊಸ ಫೋನ್ ವ್ಯವಸ್ಥೆಗಳಲ್ಲಿ ನೇರ ಡಯಲ್ ಕಡ್ಡಾಯ ಮಾಡಿದೆ.

ದೂರಸಂಪರ್ಕ ಇಲಾಖೆ ನಮ್ಮಲ್ಲೂ ಇಂಥ ನಿಯಮ ತರಲಿ. ಕರೆಯೊಂದಿಗೆ ಕಟ್ಟಡ, ಮಹಡಿಯ ವಿವರವೂ ಹೋಗಲಿ. ಕಚೇರಿಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಕಚೇರಿಯ ಒಳ ಫೋನ್ ವ್ಯವಸ್ಥೆ (ಇಪಿಎಬಿಎಕ್ಸ್) ನೋಡಿಕೊಳ್ಳುವವರನ್ನು ಕರೆಸಿ ತುರ್ತು ಸಂಖ್ಯೆಗಳಾದ 112, 108ಕ್ಕೆ ಕರೆ ನೇರ ಹೋಗುವಂತೆ ಇಂದೇ ಮಾಡಿಸಬೇಕೆಂದು ವಿನಂತಿ.

– ಓದುಗ, ರಾಜಾಜಿನಗರ, ಬೆಂಗಳೂರು