ವಿಳಾಸ ತಪ್ಪಿದ ದೆವ್ವ

ದೆವ್ವದ ಕಥೆ ಕೇಳಿದ ಮಕ್ಕಳು "ಇದು ನಿಜವಾ?" ಎಂದು ಕೇಳಿಯೇ ಕೇಳುತ್ತಾರೆ. "ಎಲ್ಲಾ ಸುಳ್ಳು, ಸುಮ್ಮನೆ ಮಲಗು" ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಕೆಲವು ಕಥೆಗಳನ್ನು ಹಾಗೆ ಬಿಸಾಡಿದರೆ ಒಳಗಿರುವ ನಿಜವೂ ಕಸದ ಜೊತೆ ಹೋಗಿಬಿಡುತ್ತದೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮಾಂಟ್ರೋಸ್ ಪಟ್ಟಣದ ಕಥೆ ಅಂಥದ್ದು.

ಬ್ರಿಟನ್ನಿನ ಮೊದಲ ಕಾರ್ಯನಿರತ ಸೇನಾ ವಿಮಾನ ನೆಲೆ 1913ರಲ್ಲಿ ಆರಂಭವಾದದ್ದು ಇಲ್ಲಿ. ಎರಡೂ ಮಹಾಯುದ್ಧಗಳ ಕಾಲದಲ್ಲಿ ಸಾವಿರಾರು ಹುಡುಗರು ಇಲ್ಲಿ ವಿಮಾನ ಹಾರಿಸಲು ಕಲಿತರು. ಈಗ ಅದು ವಸ್ತು ಸಂಗ್ರಹಾಲಯ. ಹಳೆಯ ವಿಮಾನಗಳಿಗಿಂತ ದೆವ್ವದ ಮೇಲೆಯೇ ಹೆಚ್ಚು ಆಸೆ ಇಟ್ಟುಕೊಂಡು ಬರುವವರೂ ಇದ್ದಾರೆ!

ಕಥೆ ಹೀಗಿದೆ. 1916ರ ಶರತ್ಕಾಲ. ಪೈಲಟ್ ಉಡುಪಿನ ಆಕೃತಿಯೊಂದು ಅಧಿಕಾರಿಗಳ ಮೆಸ್ಸಿನತ್ತ ನಡೆದು ಬಂದು ಬಾಗಿಲ ಬಳಿ ಮಾಯವಾಗುತ್ತಿತ್ತಂತೆ. ರಾತ್ರಿ ಎಚ್ಚರವಾದವರಿಗೆ ಮಂಚದ ಕಾಲ್ದೆಸೆಯಲ್ಲಿ ಯಾರೋ ಇದ್ದಂತೆ ಕಾಣುತ್ತಿತ್ತಂತೆ. ಅದು ಡೆಸ್ಮಂಡ್ ಆರ್ಥರ್ ಎಂಬ ಐರಿಷ್ ಲೆಫ್ಟಿನೆಂಟನ ಪ್ರೇತ; ಸತ್ತ ಮೇಲೆ ಬಂದ ಅಪವಾದ ತಾಳದೆ ಎದ್ದು ಬಂದಿತು, ಸತ್ಯ ಹೊರಬಿದ್ದ ಮೇಲೆ 1917ರ ಜನವರಿಯಲ್ಲಿ ಹೊರಟುಹೋಯಿತು ಎನ್ನುತ್ತಾರೆ.

ಇನ್ನು ದಾಖಲೆಗೆ ಬನ್ನಿ. ಆರ್ಥರ್ ಇದ್ದದ್ದು ನಿಜ. 1913ರ ಮೇ 27ರಂದು ಅವನ ಬಿ.ಇ.2 ವಿಮಾನದ ರೆಕ್ಕೆ ಆಕಾಶದಲ್ಲೇ ಮುರಿಯಿತು. ಪೈಲಟ್‌ಗಳಿಗೆ ಪ್ಯಾರಾಚೂಟ್ ಇಲ್ಲದ ಕಾಲ. ಅವನು ಬಿದ್ದು ಸತ್ತ. ತನಿಖೆ ನಡೆಸಿದ ರಾಯಲ್ ಏರೋ ಕ್ಲಬ್ಬಿಗೆ ಕಂಡದ್ದು ದೆವ್ವಕ್ಕಿಂತ ಭಯಂಕರ. ರೆಕ್ಕೆಯೊಳಗಿನ ಮರದ ಪಟ್ಟಿ ಮೊದಲೇ ಮುರಿದಿತ್ತು. ಯಾರೋ ಅದನ್ನು ಹೇಗೋ ತೇಪೆ ಹಾಕಿ ಜೋಡಿಸಿ, ಮೇಲೆ ಹೊಸ ಬಟ್ಟೆ ಬಿಗಿದು, ಯಾರಿಗೂ ಹೇಳದೆ ಸುಮ್ಮನಾಗಿದ್ದರು. 1916ರ ಆಗಸ್ಟಿನಲ್ಲಿ ಸರ್ಕಾರಿ ಸಮಿತಿಯೊಂದರ ಮಧ್ಯಂತರ ವರದಿ ಇದನ್ನು ಒಪ್ಪಲಿಲ್ಲ. ಅದೇ ಸಮಿತಿ ಅಂತಿಮ ವರದಿಯಲ್ಲಿ ಮಾತು ಬದಲಿಸಿ, ಶಿಕ್ಷೆಗೆ ಹೆದರಿ ಯಾರೋ ಮುಚ್ಚಿಟ್ಟಿರುವ ಸಂಭವವೇ ಹೆಚ್ಚು ಎಂದಿತು.

ಹಾಗಾದರೆ ದೆವ್ವ? ವಿದ್ಯಾರ್ಥಿಗಳು ಎರಡು ಪ್ರಶ್ನೆ ಹಾಕಿ ನೋಡಬಹುದು. ಈ ಕಥೆ ಯಾವಾಗ ಬರಹಕ್ಕೆ ಇಳಿಯಿತು? 'ದಿ ಏರೋಪ್ಲೇನ್' ಪತ್ರಿಕೆಯ ಸಂಪಾದಕ ಸಿ.ಜಿ. ಗ್ರೇ ಇದನ್ನು ಅಚ್ಚು ಮಾಡಿದ್ದು 1920ರಲ್ಲಿ. ಅಷ್ಟರಲ್ಲಿ ಎರಡೂ ವರದಿಗಳು ಹೊರಬಂದು ವರ್ಷಗಳಾಗಿದ್ದವು. ದೆವ್ವದ ಬರುಹೋಗುಗಳನ್ನು ವರದಿಗಳ ತಾರೀಖಿಗೆ ಹೊಂದಿಸುವುದು ಆಗ ಯಾರಿಗೂ ಕಷ್ಟವಿರಲಿಲ್ಲ. ಎರಡನೆಯದು, ಜಾಗ ಯಾವುದು? ಆರ್ಥರ್ ಬದುಕಿದ್ದಾಗ ವಿಮಾನಗಳು ಹಾರುತ್ತಿದ್ದುದು ಪಟ್ಟಣದ ದಕ್ಷಿಣಕ್ಕಿದ್ದ ಅಪ್ಪರ್ ಡೈಸಾರ್ಟ್ ಎಂಬ ಹೊಲದಿಂದ. ಜನ ಈಗ ಅವನನ್ನು ಹುಡುಕುವ ಬ್ರೂಮ್‌ಫೀಲ್ಡ್ ನೆಲೆ ಇರುವುದು ಉತ್ತರಕ್ಕೆ. ಪಡೆ ಅಲ್ಲಿಗೆ ಹೋದದ್ದು ಅವನು ಸತ್ತ ಮೇಲೆ!

ಕಥೆಯಲ್ಲಿ ಪ್ರೇತಕ್ಕೆ ನ್ಯಾಯ ಸಿಕ್ಕಿತು, ಶಾಂತಿಯೂ ಆಯಿತು. ದಾಖಲೆಯಲ್ಲಿ ಹಾಗಿಲ್ಲ. ಆ ಮರದ ಪಟ್ಟಿಗೆ ತೇಪೆ ಹಾಕಿದ ಕೈ ಯಾರದೆಂದು ಕೊನೆಗೂ ಪತ್ತೆಯಾಗಲಿಲ್ಲ. ಆರ್ಥರನ ಸಮಾಧಿ ಮಾಂಟ್ರೋಸಿನ ಸ್ಲೀಪಿಹಿಲಾಕ್ ಸ್ಮಶಾನದಲ್ಲಿದೆ.