‘ಬಹುದು’ ಮತ್ತು ‘ತಕ್ಕದ್ದು’

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವು ನಮ್ಮ ನಾಡಿನ ಮಠಪರಂಪರೆಯ ಹೆಗ್ಗುರುತಾಗಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಜಾತಿಮತಗಳನ್ನೆಣಿಸದೆ ಸಹಸ್ರಾರು ಬಡಮಕ್ಕಳನ್ನು ಸಲಹಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅಂಧಬಾಲಕರಿಗೆ ಊಟವಿಕ್ಕಿದುದಲ್ಲದೆ ಸಂಗೀತವಿದ್ಯೆಯನ್ನೂ ಧಾರೆಯೆರೆದು, ಅವರು ಸ್ವಂತ ಕಾಲಮೇಲೆ ನಿಲ್ಲುವಂತೆ ಮಾಡಿತು. ದಾಸೋಹವು ಪೂರ್ಣವಾಗುವುದು ಉಂಡವನು ಕಾಯಕಕ್ಕೆ ಅರ್ಹನಾದಾಗಲೇ. ಈ ತತ್ತ್ವವನ್ನು ಸರಕಾರದ ಆಯವ್ಯಯಕ್ಕೂ ಅನ್ವಯಿಸಿ ನೋಡಬೇಕಾಗಿದೆ.

ಹೆತ್ತವರಿಲ್ಲದ, ಇದ್ದೂ ಇಲ್ಲದಂತಾದ ಮಕ್ಕಳನ್ನು ಬಾಲಮಂದಿರಗಳು ಪೋಷಿಸುತ್ತವೆ. ಕೇಂದ್ರ ಸರಕಾರದ ‘ಮಿಷನ್ ವಾತ್ಸಲ್ಯ’ ಯೋಜನೆಯ 2022ರ ಮಾರ್ಗಸೂಚಿಯು ಇಂತಹ ಸಂಸ್ಥೆಯಲ್ಲಿರುವ ಮಗುವೊಂದಕ್ಕೆ ಮಾಸಿಕ 3,000 ರೂಪಾಯಿಗಳ ಅನುದಾನವನ್ನು ಗೊತ್ತುಪಡಿಸಿತು. ಆದರೆ ಹದಿನೆಂಟು ವರ್ಷ ತುಂಬಿದೊಡನೆ ಆ ಮಗು ಮಂದಿರದ ಹೊಸ್ತಿಲನ್ನು ದಾಟಬೇಕು.

ಕೆಲವು ವರ್ಷಗಳ ಹಿಂದೆ ಹೀಗೆ ಹೊರಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೈಚೀಲ, ಅಂಕಪಟ್ಟಿಗಳೊಡನೆ ಶಾಲೆಗೆ ಬಂದು, “ಗುರುಗಳೇ, ಅರ್ಜಿಯಲ್ಲಿ ಖಾಯಂ ವಿಳಾಸವೆಂಬಲ್ಲಿ ಏನೆಂದು ಬರೆಯಲಿ?” ಎಂದು ಕೇಳಿದನು. ಮೂರು ದಶಕಗಳಿಂದ ವ್ಯಾಕರಣ ಬೋಧಿಸುತ್ತ ಬಂದ ನನಗೆ ಉತ್ತರ ಹೊಳೆಯಲಿಲ್ಲ.

2015ರ ಬಾಲನ್ಯಾಯ ಕಾಯಿದೆಯ 46ನೆಯ ಪ್ರಕರಣವು ಇಂಥವರಿಗೆ ಹಣದ ನೆರವು ‘ನೀಡಬಹುದು’ ಎನ್ನುತ್ತದೆ. ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಎಂಬುದು ವಿಧಿ. ‘ಬಹುದು’ ಎಂಬುದು ಕೊಡುವವರ ಇಚ್ಛೆ. ಮೇಲ್ಕಂಡ ಮಾರ್ಗಸೂಚಿಯಲ್ಲಿ ಅನುಪಾಲನೆಗೆಂದು ತಿಂಗಳಿಗೆ 4,000 ರೂಪಾಯಿಗಳನ್ನು ಇಪ್ಪತ್ತೊಂದು ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ತಮೂರರವರೆಗೆ, ಕೊಡಲು ಅವಕಾಶವಿದೆ. ಅವಕಾಶವು ಹಕ್ಕಲ್ಲ. ಹಣದ ಅಭಾವ ಬಂದಾಗ ಮೊದಲು ಕತ್ತರಿ ಬೀಳುವುದು ‘ಬಹುದು’ಗಳ ಮೇಲೆಯೇ.

ಹದಿನೆಂಟಾದವನು ಪ್ರಾಪ್ತವಯಸ್ಕನಲ್ಲವೇ, ಬೊಕ್ಕಸಕ್ಕೇಕೆ ಹೊರೆ ಎನ್ನುವವರುಂಟು. ನಮ್ಮಲ್ಲಿ ಯಾವ ತಂದೆ ಮಗನಿಗೆ ಹದಿನೆಂಟು ತುಂಬಿದ ದಿನವೇ ಮನೆಯ ಬಾಗಿಲನ್ನು ಮುಚ್ಚುತ್ತಾನೆ? ಲೆಕ್ಕವನ್ನೇ ಕೇಳುವುದಾದರೆ, ಆರನೆಯ ವರ್ಷದಿಂದ ಹದಿನೆಂಟರವರೆಗೆ ಮೇಲಿನ ದರದಲ್ಲಿ ಒಂದು ಮಗುವಿಗೆ ತಗಲುವ ವೆಚ್ಚ 4,32,000 ರೂಪಾಯಿ. ಮುಂದಿನ ಮೂರು ವರ್ಷಗಳ ಅನುಪಾಲನೆಗೆ 1,44,000, ಅಂದರೆ ಅದರ ಮೂರನೆಯ ಒಂದು ಭಾಗ. ಹನ್ನೆರಡು ವರ್ಷ ನೀರೆರೆದು, ತೆನೆ ಕಟ್ಟುವ ಹೊತ್ತಿಗೆ ಕಾಲುವೆಯನ್ನು ಮುಚ್ಚುವ ಒಕ್ಕಲಿಗನನ್ನು ಜಾಣನೆನ್ನುವರೇ?

ಆದುದರಿಂದ ಹೊಸ ಕಟ್ಟಡಗಳ ಶಂಕುಸ್ಥಾಪನೆಗಿಂತ ಮೊದಲು, ಹೊರಬರುವ ಪ್ರತಿಯೊಬ್ಬ ತರುಣ ತರುಣಿಗೂ ತಲೆಯ ಮೇಲೊಂದು ಸೂರು, ಕೈಗೊಂದು ಕಸುಬು, ಕಷ್ಟದಲ್ಲಿ ವಿಚಾರಿಸುವ ಒಬ್ಬ ಹಿರಿಯರು ದೊರೆಯುವಂತೆ ಆಯವ್ಯಯದಲ್ಲಿ ಹಣವನ್ನು ತೆಗೆದಿರಿಸಬೇಕು. ಮಠಗಳೂ ಶಾಲೆಗಳೂ ಇದಕ್ಕೆ ಹೆಗಲು ಕೊಡಬೇಕು. ಆದರೆ ನಮ್ಮ ದಾಸೋಹವು ಸರಕಾರದ ಹೊಣೆಗೆ ನೆಪವಾಗಬಾರದು. ಕಾಯಿದೆಯಲ್ಲಿ ‘ಬಹುದು’ ಅಳಿದು ‘ತಕ್ಕದ್ದು’ ಮೂಡಲಿ. ಅಂದು ಆ ಹುಡುಗನ ಪ್ರಶ್ನೆಗೆ ನಾಡೇ ಉತ್ತರ ಕೊಟ್ಟಂತಾದೀತು.